ಕಣದ ಗಾಳಿ

ಸುಗ್ಗಿಯ ಮೂರನೆಯ ದಿನ ನನ್ನ ಕಣ್ಣು ಉರಿಯತೊಡಗಿತು, ನಾಲ್ಕನೆಯ ದಿನ ನೀರು ಸುರಿಯತೊಡಗಿತು, ಐದನೆಯ ದಿನ ನನಗೆ ನಿಜವಾಗಿಯೂ ಹೆದರಿಕೆ ಹತ್ತಿಕೊಂಡಿತು. ನಮ್ಮೂರಿನ ಗಾಳಿಕಲ್ಲಿನ ಮೇಲೆ ಕೂತವರ ಕಣ್ಣು ಕೊನೆಗೆ ಹೋಗಿಯೇ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನನಗಿಂತ ಮುಂಚೆ ಕೂತಿದ್ದ ಗುರುಬಸಪ್ಪನವರು ಕಡೆಗಾಲದಲ್ಲಿ ತಟ್ಟೆಯಲ್ಲಿ ಮುದ್ದೆ ಎಲ್ಲಿದೆ ಎಂದು ತಡಕಾಡುತ್ತಿದ್ದರು. ನಾನು ಆ ಕಲ್ಲಿನ ಮೇಲೆ ಕೂರಲು ಶುರುಮಾಡಿ ಇಪ್ಪತ್ತೊಂದು ವರ್ಷವಾಗಿತ್ತು.

ನಾಲ್ಕೂ ಕಡೆ ಗುಡ್ಡವಿರುವ ಊರು ನಮ್ಮದು. ಹೊರಗಿನ ಗಾಳಿ ಇಲ್ಲಿಗೆ ಇಳಿಯುವುದಿಲ್ಲ. ಇಲ್ಲಿ ಬೀಸುವುದೆಲ್ಲ ಜನ ನುಂಗಿಕೊಂಡ ಸಿಟ್ಟಿನ ಗಾಳಿ. ಬಾಯಿಬಿಟ್ಟು ಬೈದವರಿಂದ ಒಂದು ಎಲೆಯೂ ಅಲುಗುವುದಿಲ್ಲ, ತುಟಿ ಕಚ್ಚಿಕೊಂಡು ಸುಮ್ಮನಾದವರಿಂದ ಬಾಗಿಲು ಬಡಿದುಕೊಳ್ಳುತ್ತದೆ. ಹೊಸದಾಗಿ ಮದುವೆಯಾದವರ ಅಡುಗೆಮನೆಯಲ್ಲಿ ಹೊಗೆ ಕಟ್ಟಿಕೊಂಡಿರುತ್ತದೆ, ಆರು ತಿಂಗಳಾದ ಮೇಲೆ ತಾನಾಗಿ ಸರಿಹೋಗುತ್ತದೆ. ಬಟ್ಟೆ ಒಣಗಬೇಕಾದವರು ಕಚೇರಿಯ ಹಿಂದೆ ಹಗ್ಗ ಕಟ್ಟುತ್ತಾರೆ, ಸಾಹೇಬರು ಇವತ್ತು ಬರುತ್ತಾರೆ ನಾಳೆ ಬರುತ್ತಾರೆ ಎಂದು ಕಾಯುವವರು ಅಲ್ಲಿ ಯಾವಾಗಲೂ ಇರುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಹೆಚ್ಚಾಗಿ ಅವಳ ಪಕ್ಕದಲ್ಲಿ ಹಚ್ಚಿಟ್ಟ ದೀಪವನ್ನು ನೋಡುತ್ತಾರೆ.

ರಾಗಿ ಭತ್ತ ತೂರುವುದಕ್ಕೆ ಇಂಥ ಚಿಲ್ಲರೆ ಗಾಳಿ ಸಾಲದು. ಅದಕ್ಕೆ ಹಳೆಯ ಗಾಳಿ ಬೇಕು, ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ ಬೀಸುವಂಥದ್ದು. ಆದ್ದರಿಂದ ಊರು ಒಬ್ಬರನ್ನು ಆರಿಸಿ ಕಣದ ಮೂಡಲ ತುದಿಯ ಕಲ್ಲಿನ ಮೇಲೆ ಕೂರಿಸುತ್ತದೆ. ಅವರ ಮುಂದೆ ಜನ ಮೊರ ಎತ್ತಿ ಹಿಡಿದು ಕಾಳು ಸುರಿಯುತ್ತಾರೆ, ಹೊಟ್ಟು ಹಾರಿಹೋಗುತ್ತದೆ. ಕೂತವರಿಗೆ ಯಾರ ಮೇಲೆ ಸಿಟ್ಟೋ ಅವರನ್ನು ಕಣದ ಯಜಮಾನರು ಕರೆಸಿ ರಾಶಿಯ ಮೇಲೆ ಕೈ ಇಡಿಸುತ್ತಾರೆ. ಆ ಸಿಟ್ಟಿನ ಮಾತನ್ನು ತಾನಾಗಿ ಎಂದೂ ಎತ್ತುವುದಿಲ್ಲ, ತಾನಾಗಿ ಕ್ಷಮೆ ಕೇಳುವುದಿಲ್ಲ, ತಾನಾಗಿ ಸಮಜಾಯಿಷಿ ಹೇಳುವುದಿಲ್ಲ ಎಂದು ಮಾತು ತೆಗೆದುಕೊಳ್ಳುತ್ತಾರೆ. ಸಮಾಧಾನವಾದರೆ ಗಾಳಿ ನಿಂತುಹೋಗುತ್ತದಲ್ಲ!

ನನ್ನ ಸಿಟ್ಟು ನನ್ನ ಅಕ್ಕನ ಮೇಲೆ. ಅವಳ ಹೆಸರು ದೊಡ್ಡತಾಯಮ್ಮ, ಊರಿಗೆಲ್ಲ ತಾಯಕ್ಕ. ಮದುವೆಯಾಗದೆ ಅವ್ವನ ಜೊತೆಗೇ ಉಳಿದವಳು. ನಾನು ಗುಡ್ಡದ ನೆತ್ತಿಯಲ್ಲಿದ್ದ ಗಂಡನ ಮನೆಯಲ್ಲಿ ತುಂಬು ಬಸುರಿಯಾಗಿದ್ದಾಗ ಕೆಳಗೆ ಅವ್ವ ಕಾಯಿಲೆ ಬಿದ್ದಳು. ಆರು ದಿನ ನರಳಿದಳಂತೆ. ಅಕ್ಕ ನನಗೆ ಹೇಳಿಕಳಿಸಲಿಲ್ಲ. ಅವ್ವ ಸತ್ತಮೇಲೂ ಹೇಳಿಕಳಿಸಲಿಲ್ಲ. ಮಗಳು ಭ್ರಮರಾಂಬ ಹುಟ್ಟಿದ ಮೂರನೆಯ ದಿನ ನನಗೆ ಸುದ್ದಿ ಮುಟ್ಟಿತು, ಅಷ್ಟರಲ್ಲಿ ಅವ್ವ ಮಣ್ಣಾಗಿ ತಿಂಗಳಾಗಿತ್ತು. ಕೂಸನ್ನು ಎತ್ತಿಕೊಂಡು ನಾನು ತವರಿಗೆ ಬಂದ ದಿನ ಮನೆಯ ಹೆಂಚು ಗಡಗಡ ಅಲುಗಿತು, ಬೀದಿಯವರೆಲ್ಲ ಹೊರಗೆ ಬಂದು ನೋಡಿದರು. ಗುರುಬಸಪ್ಪನವರು ಹೋಗಿ ಕಲ್ಲು ಖಾಲಿಯಿದ್ದ ವರ್ಷ ಅದು. ಸಂಜೆಯೊಳಗೆ ಯಜಮಾನರು ನನ್ನನ್ನು ಆರಿಸಿಯೂ ಆಯಿತು, ಅಕ್ಕನ ಕೈ ರಾಶಿಯ ಮೇಲೆ ಇಡಿಸಿಯೂ ಆಯಿತು. ಕಲ್ಲಿಗೆ ಕೂತವಳು ಊರಲ್ಲೇ ಇರಬೇಕೆಂದು ಅವ್ವನ ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಟ್ಟರು. ಅಂದಿನಿಂದ ನಾವು ಅಕ್ಕತಂಗಿಯರು ಉಪ್ಪು, ಹುಳಿ, ಮಗುವಿನ ಕೆಮ್ಮು, ಎಲ್ಲವನ್ನೂ ಮಾತಾಡಿದ್ದೇವೆ. ಅದೊಂದನ್ನು ಬಿಟ್ಟು.

ನನ್ನ ಸಿಟ್ಟಿನ ಬಗ್ಗೆ ನನಗೆ ಜಂಬವಿತ್ತು ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಬೀದಿಯಲ್ಲಿ ನಡೆದರೆ ಜನ ದಾರಿ ಬಿಡುತ್ತಿದ್ದರು. ಯಾರಾದರೂ ಅಕ್ಕನ ಸುದ್ದಿ ಎತ್ತಿದರೆ ನಾನು ಉತ್ತರ ಕೊಡದೆ ಗುಡ್ಡದ ಕಡೆ ನೋಡುತ್ತಿದ್ದೆ, ಅವರು ಗೌರವದಿಂದ ಸುಮ್ಮನಾಗುತ್ತಿದ್ದರು. ಹಾಗೆ ನೋಡುವುದನ್ನು ನಾನು ಚೆನ್ನಾಗಿ ಕಲಿತುಕೊಂಡಿದ್ದೆ.

ಐದನೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಲಿಯಾಂಗಮ್ಮನ ಹತ್ತಿರ ಹೋದೆ. ಅವಳ ಅಜ್ಜ ಯಾವ ಕಾಲದಲ್ಲೋ ಚೀನಾದಿಂದ ಬಂದು ನಮ್ಮ ಪೇಟೆಬೀದಿಯಲ್ಲಿ ನಾಡಿ ನೋಡುವ ಅಂಗಡಿ ಇಟ್ಟವನು. ಅವಳು ಇಲ್ಲಿಯೇ ಹುಟ್ಟಿ, ಇಲ್ಲಿಯೇ ಬೆಳೆದು, ಈಗ ಅರವತ್ತು ದಾಟಿದ್ದಳು. ಗೋಡೆಯ ತುಂಬ ಸಣ್ಣ ಸಣ್ಣ ಡ್ರಾಯರುಗಳು, ಅದರಲ್ಲಿ ಒಣಗಿದ ಬೇರು, ಸೇವಂತಿಗೆ, ಹುಳಿಹುಳಿ ವಾಸನೆಯ ಕಪ್ಪು ಹಣ್ಣು. ಬಾಗಿಲ ಮೇಲೆ ಅಜ್ಜ ಬರೆದ ಮನುಷ್ಯನ ಚಿತ್ರ, ಬಲಪಕ್ಕೆಯ ಕೆಳಗೆ ಹಸಿರು ಬಣ್ಣ ಬಳಿದದ್ದು.

"ಏನ್ ಹೊಂಬಾಳಮ್ಮ, ಸುಗ್ಗೀಲಿ ಬಂದಿದೀಯ?" ಎಂದಳು ಲಿಯಾಂಗಮ್ಮ.

"ಕಣ್ಣು ಹೋಯ್ತಾ ಇದೆ. ಲಿವರ್ ನೋಡು" ಎಂದೆ.

ನನ್ನ ಎಡಗೈ ಎಳೆದುಕೊಂಡು ಮೂರು ಬೆರಳಿಟ್ಟಳು. ನಡುಬೆರಳ ಕೆಳಗೆ ಮಿಡಿಯುವುದು ಲಿವರಿನದು ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಅಜ್ಜನ ಪುಸ್ತಕದ ಲೆಕ್ಕದಲ್ಲಿ ಲಿವರ್ ಎಂದರೆ ಕುರಿ ಅಂಗಡಿಯಲ್ಲಿ ತೂಗಿಕೊಡುವ ಮುದ್ದೆಯಲ್ಲ, ಅದೊಬ್ಬ ದಂಡನಾಯಕ. ಮೈಯಲ್ಲಿ ಹರಿಯಬೇಕಾದ್ದೆಲ್ಲ ಅವನ ಅಪ್ಪಣೆಯಲ್ಲಿ ಹರಿಯುತ್ತದೆ. ಮನುಷ್ಯ ಮಲಗಿದಾಗ ರಕ್ತವನ್ನೆಲ್ಲ ತನ್ನ ಹತ್ತಿರ ಕರೆಸಿಕೊಂಡು ಕಾಪಾಡುತ್ತಾನೆ, ಎದ್ದಮೇಲೆ ಕಣ್ಣಿಗಿಷ್ಟು, ನರಕ್ಕಿಷ್ಟು, ಉಗುರಿಗಿಷ್ಟು ಎಂದು ಹಂಚುತ್ತಾನೆ. ಸಿಟ್ಟು ಬಂದಾಗ ಅದನ್ನು ಹೊರಗೆ ದಾಟಿಸುವವನೂ ಅವನೇ. ದಾಟಿಸದೆ ತಡೆದು ನಿಲ್ಲಿಸಿದರೆ ಅದು ಒಳಗೆ ಗಾಳಿಯಾಗುತ್ತದೆ, ರಕ್ತ ಒಣಗುತ್ತದೆ, ಮೊದಲು ಉಗುರು ಸೀಳುತ್ತದೆ, ಆಮೇಲೆ ಕಣ್ಣು ಮಸುಕಾಗುತ್ತದೆ. ನಾಡಿ ಆಗ ಬಿಗಿದ ತಂತಿಯ ಹಾಗೆ ಮಿಡಿಯುತ್ತದಂತೆ.

ಅವಳು ಬೆರಳು ಒತ್ತಿದಳು, ಸಡಿಲಿಸಿದಳು, ಮತ್ತೆ ಒತ್ತಿದಳು. ನನ್ನ ಉಗುರು ತಿರುಗಿಸಿ ನೋಡಿದಳು. ನಾಲಿಗೆ ಚಾಚಿಸಿದಳು. ರೆಪ್ಪೆ ಮಡಚಿ ಒಳಗೆ ಇಣುಕಿದಳು. ಆಮೇಲೆ ಒಂದು ಹತ್ತಿಬಟ್ಟೆಯ ತುದಿಯಿಂದ ಏನನ್ನೋ ತೆಗೆದು ನನ್ನ ಅಂಗೈಯ ಮೇಲೆ ಇಟ್ಟಳು.

"ರಾಗಿ ಹೊಟ್ಟು. ಕಣ್ಣಿಗೆ ಬಿದ್ದಿತ್ತು. ನೀರಲ್ಲಿ ತೊಳ್ಕೋ, ಸರಿಹೋಗುತ್ತೆ."

"ಮತ್ತೆ ಲಿವರು?"

"ಕುದುರೆ ಲಿವರ್ ಇದ್ದಂಗಿದೆ. ನಾಡಿ ಹೊಳೆ ನೀರಿನ ಥರ ಮೆತ್ತಗೆ ಹೋಗ್ತಿದೆ. ನಿನಗೆ ಸಿಟ್ಟು ಎಲ್ಲಿದೆ?"

ನನಗೆ ಅವಮಾನವಾಯಿತು. "ಏನ್ ಮಾತು ಅಂತ ಆಡ್ತೀಯ? ಇಪ್ಪತ್ತೊಂದು ವರ್ಷದ ಸಿಟ್ಟು ನಂದು! ಇಡೀ ಊರೇ ನನ್ನ ಗಾಳೀಲಿ ಅನ್ನ ತಿಂತಿದೆ!"

"ನೋಡು, ಈಗ ಕೂಗಿದೆಯಲ್ಲ, ಅದೂ ಹೊರಗೆ ಹೋಯ್ತು. ನೀನು ಗಂಡನ ಮೇಲೆ ಕೂಗ್ದೆ, ಮಗಳ ಮೇಲೆ ಕೂಗ್ದೆ, ಹಾಲಿನವನ ಮೇಲೆ ದಿನಾ ಕೂಗ್ತೀಯ. ಮೊದಲೆರಡು ವರ್ಷ ಒಳಗೆ ಏನಾದ್ರೂ ಇದ್ದಿರಬಹುದು. ಆಮೇಲೆ ಯಾವತ್ತೋ ಸೋರಿ ಹೋಗಿದೆ. ಈಗ ಅಭ್ಯಾಸಕ್ಕೆ ಇಟ್ಕೊಂಡಿದೀಯ ಅಷ್ಟೇ."

"ಹಂಗಾದ್ರೆ ಕಣದಲ್ಲಿ ಬೀಸೋದು ಯಾರ ಗಾಳಿ?"

ಲಿಯಾಂಗಮ್ಮ ಡ್ರಾಯರು ಮುಚ್ಚಿದಳು. ಅವಳ ಮುಖ ಗಂಭೀರವಾಯಿತು. "ಅದನ್ನ ನೀನು ಬೇಗ ಹುಡುಕು. ಅಷ್ಟು ಗಾಳಿ ಒಳಗಿಟ್ಕೊಂಡೋರ ಕಣ್ಣು ಈಗಾಗ್ಲೇ ಮುಕ್ಕಾಲು ಹೋಗಿರುತ್ತೆ. ಬಾಯಿಬಿಟ್ಟು ಹೇಳ್ಕೊಂಡ್ರೆ ಉಳಿದ ಕಾಲು ಉಳೀಬಹುದು. ಇನ್ನೊಂದು ಸುಗ್ಗಿ ಹೀಗೇ ಕಳೆದ್ರೆ ನನ್ನ ಹತ್ರ ಔಷಧಿ ಇಲ್ಲ."

ಆ ಮಧ್ಯಾಹ್ನ ನಾನು ಕಲ್ಲಿನ ಮೇಲೆ ಕೂತೆ, ಗಾಳಿ ಎಂದಿನ ಹಾಗೆ ನನ್ನ ಬೆನ್ನ ಕಡೆಯಿಂದ ಬೀಸಿತು, ಜನ ಎಂದಿನ ಹಾಗೆ ತೂರಿದರು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಕಾಲು ತಾನಾಗಿ ಅಲ್ಲಾಡುತ್ತಿತ್ತು. ಮೊರ ಎತ್ತಿದ ಒಬ್ಬೊಬ್ಬರ ಉಗುರನ್ನೂ ಕದ್ದು ನೋಡಿದೆ. ಕಮ್ಮಾರನ ಸೊಸೆಯ ಉಗುರು ಸೀಳಿತ್ತು, ಇವಳದೇ ಇರಬೇಕು ಎಂದುಕೊಂಡೆ. ಪಾತ್ರೆ ತಿಕ್ಕಿ ಸೀಳಿದ್ದಂತೆ. ಯಜಮಾನ ಮಾದಪ್ಪನವರ ಉಗುರು ನೋಡಲು ಹೋಗಿ, "ಏನವ್ವ, ಉಂಗುರ ಬೇಕಿತ್ತಾ?" ಎಂದು ಕೇಳಿಸಿಕೊಂಡೆ. ಸಂಜೆ ಅಕ್ಕ ಬುತ್ತಿಯ ಪಾತ್ರೆಗಳನ್ನು ಎತ್ತಿಕೊಂಡು, ದಿನದ ಹಾಗೆ ನನ್ನ ಹಿಂದೆ ಎರಡು ಮಾರು ದೂರದಲ್ಲಿ ಮನೆಗೆ ನಡೆದು ಬಂದಳು. ಕಲ್ಲಿಗೆ ಕೂತವಳಿಗೆ ಮನೆಯವರೇ ಉಣ್ಣಲಿಕ್ಕೆ ತರಬೇಕು, ಸಂಜೆಯವರೆಗೆ ಹಿಂದೆಯೇ ಕೂತಿರಬೇಕು ಎಂಬುದು ಪದ್ಧತಿ. ಅವಳ ಉಗುರನ್ನು ನಾನು ನೋಡಲಿಲ್ಲ. ಅವಳನ್ನು ತಿರುಗಿ ನೋಡುವ ಅಭ್ಯಾಸವೇ ನನಗೆ ತಪ್ಪಿಹೋಗಿತ್ತು.

ಆ ರಾತ್ರಿ ಹೊರಳಾಡಿ ಒಂದು ತೀರ್ಮಾನಕ್ಕೆ ಬಂದೆ. ಲಿಯಾಂಗಮ್ಮನಿಗೆ ವಯಸ್ಸಾಗಿದೆ, ಬೆರಳು ಮರಗಟ್ಟಿದೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಒಬ್ಬಳೇ ಕಲ್ಲಿನ ಮೇಲೆ ಕೂರುತ್ತೇನೆ, ಗಾಳಿ ಬಂದೇ ಬರುತ್ತದೆ, ಆಮೇಲೆ ಅವಳ ಅಂಗಡಿಯ ಮುಂದೆ ನಿಂತು ನಾಲ್ಕು ಮಾತು ಕೇಳುತ್ತೇನೆ ಎಂದುಕೊಂಡೆ.

ಬೆಳಕು ಹರಿಯುತ್ತಲೇ ಎದ್ದು ಹೊರಟೆ. ಪ್ರತಿದಿನ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದೆ, ಆಗ ಅಕ್ಕ ಬುತ್ತಿ ಹಿಡಿದು ಹೊರಗೆ ಬರುತ್ತಿದ್ದಳು. ಅಂದು ಕೆಮ್ಮಲಿಲ್ಲ. ಬಿರಬಿರನೆ ನಡೆದು ಕಣಕ್ಕೆ ಬಂದು ಸೆರಗು ಸರಿಮಾಡಿಕೊಂಡು ಕಲ್ಲಿನ ಮೇಲೆ ಕೂತೆ. ಅವ್ವನನ್ನು ನೆನೆಸಿಕೊಂಡೆ. ಆರು ದಿನ ನರಳಿದ್ದನ್ನು ನೆನೆಸಿಕೊಂಡೆ. ಕೊನೆಯ ಸಲ ಮುಖ ನೋಡಲಾಗಲಿಲ್ಲ ಎಂದು ನೆನೆಸಿಕೊಂಡೆ. ದುಃಖ ಬಂತು, ಮುಂದೆ ಬಿದ್ದಿದ್ದ ಒಂದು ಹೊಟ್ಟೂ ಅಲುಗಲಿಲ್ಲ.

ಬಿಸಿಲೇರಿತು. ಇನ್ನೂರು ಜನ ಬಂದು ಮೊರ ತುಂಬಿಕೊಂಡು ನಿಂತರು. ಕೆಲವರು ಎತ್ತಿ ಸುರಿದು ನೋಡಿದರು, ಕಾಳೂ ಹೊಟ್ಟೂ ಒಟ್ಟಿಗೆ ಅವರ ಕಾಲ ಮೇಲೆ ಬಿತ್ತು. ಮಾದಪ್ಪನವರು ನನ್ನ ಮುಂದೆ ಬಂದು ನಿಂತರು.

"ಏನವ್ವ ಹೊಂಬಾಳಮ್ಮ, ಗಾಳಿ ಎಲ್ಲವ್ವ?"

"ಬರುತ್ತೆ, ಇರಿ" ಎಂದೆ.

"ಮೈಗೆ ಹುಷಾರಿಲ್ವಾ? ನಿಮ್ಮಕ್ಕನ ಸುದ್ದಿ ಸ್ವಲ್ಪ ಎತ್ಲಾ?" ಎಂದರು ಪಾಪ, ಉಪಕಾರ ಮಾಡುವವರ ಹಾಗೆ. ಎತ್ತಿದರು ಕೂಡ. ಅವಳು ಮನೆಯ ಆಸೆಗೆ ನನಗೆ ಹೇಳಿಕಳಿಸಲಿಲ್ಲ ಎಂದರು, ಅವ್ವನ ಕಿವಿಯ ಓಲೆಯ ಆಸೆಗೆ ಎಂದರು. ನಾನು ಗುಡ್ಡದ ಕಡೆ ನೋಡಿದೆ. ಏನೂ ಆಗಲಿಲ್ಲ. ಇನ್ನೂರು ಜನರ ಮುಂದೆ ನನ್ನ ಮಾನ ಹರಾಜಾಗುತ್ತಿತ್ತು.

ಆಗ ಹಿಂದಿನ ಓಣಿಯಲ್ಲಿ ಧೂಳು ಎದ್ದಿತು. ಮೊದಲು ಧೂಳು, ಆಮೇಲೆ ಒಣಹುಲ್ಲು, ಆಮೇಲೆ ನನ್ನ ಸೆರಗು ಹಾರಿ ಮುಖಕ್ಕೆ ಬಡಿಯಿತು. "ಬಂತು, ಬಂತು!" ಎಂದು ಜನ ಕೂಗಿ ಮೊರ ಎತ್ತಿದರು. ಸೆರಗು ಸರಿಸಿ ನಾನು ತಿರುಗಿ ನೋಡಿದೆ. ಓಣಿಯ ತಿರುವಿನಲ್ಲಿ ಅಕ್ಕ ಬರುತ್ತಿದ್ದಳು. ಒಂದು ಕೈಯಲ್ಲಿ ಬುತ್ತಿಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಗೋಡೆಯನ್ನು ಸವರಿಕೊಂಡು ಬರುತ್ತಿದ್ದಳು. ಎಲ್ಲೋ ಬಿದ್ದಿದ್ದಳು, ಮೊಣಕಾಲ ಹತ್ತಿರ ಸೀರೆ ಹರಿದು ಮಣ್ಣಾಗಿತ್ತು. ಗೋಡೆ ಮುಗಿದ ಕಡೆ ನಿಂತು, ಗಾಳಿಯಲ್ಲಿ ಕೈಯಾಡಿಸಿ ಕೂಗಿದಳು.

"ಹೊಂಬಾಳಾ, ಎಲ್ಲಿದೀಯೇ? ಇವತ್ತು ಕೆಮ್ಮಲೇ ಇಲ್ವಲ್ಲ ನೀನು!"

ಇಷ್ಟು ವರ್ಷ ಅವಳು ನನ್ನ ಹೆಜ್ಜೆಯ ಸಪ್ಪಳ ಹಿಡಿದು ನಡೆದು ಬರುತ್ತಿದ್ದಳು. ನನಗೆ ಕಾಣಲಿಲ್ಲ, ಊರಿಗೂ ಕಾಣಲಿಲ್ಲ. ಮೋಸಹೋದವಳು ನಾನು, ಸಿಟ್ಟು ಅಂದರೆ ನನ್ನದೇ, ಗಾಳಿ ಅಂದರೆ ನನ್ನದೇ ಎಂದು ಎಲ್ಲರೂ ನಂಬಿಬಿಟ್ಟಿದ್ದೆವು. ನನ್ನ ಹಿಂದೆ ಕೂತವಳ ಕಡೆ ಯಾರೂ ನೋಡಿರಲಿಲ್ಲ.

ನಾನು ಕಲ್ಲಿನಿಂದ ಇಳಿದೆ. ಸುಗ್ಗಿಯಲ್ಲಿ ಊಟದ ಬಿಡುವು ಬಿಟ್ಟರೆ ಹೊತ್ತು ಮುಳುಗದೆ ಇಳಿಯುವಂತಿಲ್ಲ. ಅಕ್ಕನ ಹತ್ತಿರ ಹೋಗಿ ಅವಳ ಕೈ ಹಿಡಿದೆ. ಉಗುರುಗಳು ಒಣಗಿದ ಸಿಪ್ಪೆಯ ಹಾಗೆ ಉದ್ದಕ್ಕೂ ಸೀಳಿದ್ದವು. ಗಾಳಿ ಎಷ್ಟು ಜೋರಾಗಿತ್ತೆಂದರೆ ನಾನು ಅವಳ ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕಾಯಿತು.

"ಅಕ್ಕ, ಅವ್ವ ಸಾಯೋವಾಗ ನನಗೆ ಯಾಕೆ ಹೇಳಿಕಳಿಸ್ಲಿಲ್ಲ?"

"ಏಯ್, ಕೇಳ್ಬೇಡವ್ವ! ಇನ್ನೂ ಅರ್ಧ ಕಣ ಬಿದ್ದಿದೆ!" ಎಂದು ಮಾದಪ್ಪನವರು ಓಡಿಬಂದರು.

ಅಕ್ಕ ಅವರ ಕಡೆ ಮುಖ ತಿರುಗಿಸಲಿಲ್ಲ. "ಅವ್ವ ಬೇಡ ಅಂದ್ಲು" ಎಂದಳು. "ಅವಳಿಗೆ ದಿನ ತುಂಬ್ತಾ ಇದೆ, ಹೇಳಿದ್ರೆ ಗುಡ್ಡ ಇಳ್ಕೊಂಡು ಓಡಿಬರ್ತಾಳೆ, ಎರಡು ಹೋಗಿದಾವೆ, ಇದೂ ಹೋಯ್ತದೆ ಅಂದ್ಲು. ಮಗು ನೆಲ ಮುಟ್ಟೋವರ್ಗೂ ಹೇಳಲ್ಲ ಅಂತ ನನ್ನ ಕೈಲಿ ಭಾಷೆ ತಗೊಂಡ್ಲು. ಆರು ದಿನಾನೂ ನಿನ್ನ ಹೆಸರೇ ಕೂಗಿದ್ಲು, ಆರು ದಿನಾನೂ ಕರೀಬೇಡ ಅಂದ್ಲು. ನಾನೊಬ್ಳೇ ಕೂತು ಕೇಳ್ದೆ."

ಭ್ರಮರಾಂಬಳಿಗಿಂತ ಮೊದಲು ನನಗೆ ಎರಡು ಮಕ್ಕಳು ನಿಲ್ಲದೆ ಹೋಗಿದ್ದವು. ನನಗೆ ಈ ಅನುಮಾನ ಎಂದೂ ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದೆರಡು ಸಲ ಬಂದಿತ್ತು. ಕೇಳಿದರೆ ಕಲ್ಲು ಹೋಗುತ್ತದೆಂದು ಅದನ್ನು ನಾನೇ ಹಿಸುಕಿ ಹಾಕಿದ್ದೆ. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ.

"ನೀನು ಕೂಸು ಎತ್ಕೊಂಡು ಬಂದ ದಿನ ಹೇಳೋಣ ಅಂತ ನೀರು ಕಾಯ್ಸಿಟ್ಟು ಬಾಗಿಲಲ್ಲಿ ನಿಂತಿದ್ದೆ. ನೀನು ಮುಖಾನೇ ಕೊಡ್ಲಿಲ್ಲ. ಸಂಜೆ ಹೇಳಾನ ಅಂದ್ಕೊಂಡೆ. ಸಂಜೆಗೆ ಇವರು ಬಂದು ರಾಶಿ ಮ್ಯಾಲೆ ಕೈ ಇಡಿಸ್ಬಿಟ್ರು. ನಾನಾಗಿ ಎತ್ತಬಾರ್ದು ಅಂತ ಇತ್ತು. ನೀನು ಕೇಳಿದ್ರೆ ಹೇಳ್ಬಾರ್ದು ಅಂತ ಇರ್ಲಿಲ್ಲ. ಒಂದ್ ಸಲ ಕೇಳಿದ್ರೆ ಸಾಕಾಗಿತ್ತು ಕಣೇ! ನಾಳೆ ಕೇಳ್ತಾಳೆ, ನಾಡಿದ್ದು ಕೇಳ್ತಾಳೆ ಅಂತ ಕೂತಿದ್ದೆ. ನೀನು ಉಪ್ಪು ಇದ್ಯಾ ಅಂತ ಕೇಳ್ದೆ, ಹುಳಿ ಇದ್ಯಾ ಅಂತ ಕೇಳ್ದೆ. ಏನ್ ಕೊಬ್ಬೇ ನಿಂದು! ಆ ಕಲ್ಲಿನ ಮ್ಯಾಲೆ ಮಹಾರಾಣಿ ಥರ ಕೂತ್ಕೊಂಡು, ನಾನು ತಂದಿದ್ದು ಉಣ್ಕೊಂಡು, ಒಂದ್ ಸಲ, ಒಂದೇ ಒಂದ್ ಸಲ ತಿರುಗಿ ನೋಡಿದ್ಯೇನೇ?"

ಅವಳು ಬೈದಳು. ನಾನು ಹುಟ್ಟಿದಂದಿನಿಂದ ಅವಳ ಬಾಯಲ್ಲಿ ಕೇಳದ ಮಾತುಗಳನ್ನೆಲ್ಲ ಕೇಳಿದೆ. ನನ್ನನ್ನು ಬೈದಳು, ಅವ್ವನನ್ನು ಬೈದಳು, ಮಾದಪ್ಪನವರ ವಂಶವನ್ನು ಬೈದಳು. ಒಂದೊಂದು ಮಾತಿಗೂ ಗಾಳಿ ಇಷ್ಟಿಷ್ಟೇ ಇಳಿಯಿತು. ಕಡೆಗೆ ಎತ್ತಿ ಹಿಡಿದ ಮೊರಗಳ ಕೆಳಗೆ ಹೊಟ್ಟು ನೆಟ್ಟಗೆ ಸುರಿಯಿತು, ಜನರ ತಲೆ ಮೇಲೆ, ರೆಪ್ಪೆಯ ಮೇಲೆ ಕೂತಿತು. ಅಕ್ಕ ನೆಲದ ಮೇಲೆ ಕುಸಿದು, "ಉಣ್ಣು, ಆರಿಹೋಗಿದೆ" ಎಂದು ಬುತ್ತಿಯನ್ನು ನನ್ನ ಕಡೆ ತಳ್ಳಿದಳು.

ಉಳಿದ ಅರ್ಧ ಕಣವನ್ನು ಊರವರು ಮೊರದಿಂದ ಬೀಸಿ ಬೀಸಿ ಕೇರಿದರು. ಕೈ ಬಿದ್ದುಹೋದವು, ಸುಗ್ಗಿ ಒಂದೂವರೆ ತಿಂಗಳು ಎಳೆಯಿತು. ನಾನೂ ದಿನಾ ಹೋಗಿ ಕೇರಿದೆ. ಬರುವವರು ಹೋಗುವವರೆಲ್ಲ ನನಗೆ ಬಾಯ್ತುಂಬ ಬೈದರು. ನೇರವಾಗಿ ಮುಖಕ್ಕೇ ಬೈದದ್ದರಿಂದ ಅದರಲ್ಲೂ ಊರಿಗೆ ಏನೂ ಪ್ರಯೋಜನವಾಗಲಿಲ್ಲ. ಮಾದಪ್ಪನವರು ಮಾತ್ರ ಬೈಯದೆ ಸುಮ್ಮನಿದ್ದರು, ಅವರ ಪಂಚೆಯ ತುದಿ ಸ್ವಲ್ಪ ಹಾರುತ್ತಿತ್ತು. ಕೆಲವರು ಅವರ ಹತ್ತಿರ ಹೋಗಿ ಮೊರ ಎತ್ತಿದರು.

ಲಿಯಾಂಗಮ್ಮ ಮನೆಗೇ ಬಂದು ಅಕ್ಕನ ನಾಡಿ ನೋಡಿದಳು. ಸೇವಂತಿಗೆಯ ಕಷಾಯ ಕೊಟ್ಟಳು, ಕಪ್ಪು ಹಣ್ಣನ್ನು ಚೀಪಲು ಹೇಳಿದಳು. "ತಂತಿ ಸಡಿಲಾಗಿದೆ" ಎಂದಳು. "ಲಿವರಿನ ಕಾಲ ಅಂದ್ರೆ ಚಿಗುರೋ ಕಾಲ. ಯುಗಾದಿವರೆಗೂ ನೋಡು. ಬಂದ್ರೆ ಬಂತು." ನನಗೆ ಆ ಮೂರು ತಿಂಗಳು ನೆಮ್ಮದಿಯಿರಲಿಲ್ಲ. ನಡುಗೋಡೆಯನ್ನು ನಾನೇ ಹಾರೆ ಹಿಡಿದು ಒಡೆದೆ. ದಿನಕ್ಕೆ ಹತ್ತು ಸಲ ಅವಳ ಮುಂದೆ ಬೆರಳು ಹಿಡಿದು ಎಷ್ಟು ಎಂದು ಕೇಳಿದೆ, ಅವಳು ಬೇಸರದಿಂದ ಬಾಯಿಗೆ ಬಂದದ್ದು ಹೇಳಿದಳು. ಅವಳಿಗೆ ಕಣ್ಣು ಬರದೆ ಹೋದರೆ ನಾನು ಯಾರ ಹತ್ತಿರ ಹೋಗಿ ಬೈಸಿಕೊಳ್ಳಬೇಕೆಂದು ನನಗೆ ತಿಳಿಯುತ್ತಿರಲಿಲ್ಲ.

ಯುಗಾದಿ ಕಳೆದು ನಾಲ್ಕು ದಿನಕ್ಕೆ, ಮಧ್ಯಾಹ್ನ, ಅಕ್ಕ ಊಟ ಮಾಡಿ ಮಲಗಿದ್ದಳು. ನಾನು ಕಿಟಕಿಯ ಹತ್ತಿರ ಅಕ್ಕಿ ಆರಿಸುತ್ತಿದ್ದೆ. ಅವಳು ಎದ್ದು ಕೂತು ನನ್ನ ಕಡೆ ನೋಡಿದಳು. ಬರೀ ತಿರುಗಿದ್ದಲ್ಲ, ನೋಡಿದಳು, ಕಣ್ಣು ಕಿರಿದು ಮಾಡಿಕೊಂಡು. ಅವಳು ನನ್ನನ್ನು ಕಡೆಯ ಸಲ ಚೆನ್ನಾಗಿ ನೋಡಿದಾಗ ನನ್ನ ಕೂದಲು ಕಪ್ಪಗಿತ್ತು. ಈಗ ಪೂರ್ತಿ ಬೆಳ್ಳಗಾಗಿದೆ, ಬೆನ್ನು ಬಾಗಿದೆ, ಕೆನ್ನೆ ಇಳಿದಿದೆ. ನಿದ್ದೆ ಇನ್ನೂ ಅವಳನ್ನು ಪೂರ್ತಿ ಬಿಟ್ಟಿರಲಿಲ್ಲ.

"ಅವ್ವಾ" ಎಂದಳು, "ಹೊಂಬಾಳ ಕೊನೆಗೂ ಕೇಳಿದ್ಲು ಕಣವ್ವ."

ನಾನು ಹೊಂಬಾಳ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

"ಒಳ್ಳೇದಾಯ್ತು ಮಗಾ" ಎಂದೆ.